ನಕ್ಷೆಯಲ್ಲಿ ಬಾಗಿದ ಗೆರೆ

ಥಾರ್ನ್‌ಬಿ ಊರಿನ ಬಯಲು ಉಳಿಸುವ ಸಮಿತಿಗೆ ಲೋರ್ನಾ ಪ್ರುಯಿಟ್ ಅಧ್ಯಕ್ಷೆಯಾಗಿ ಆರು ವರ್ಷವಾಗಿತ್ತು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಯಾರ ಅಂಗಳ ಎಲ್ಲಿಗೆ ಮುಗಿಯುತ್ತದೆ, ಯಾವ ನಾಯಿ ಕಚ್ಚುತ್ತದೆ, ಯಾರು ಮಾತಿಗೆ ಬಗ್ಗುತ್ತಾರೆ, ಎಲ್ಲ ಅವಳಿಗೆ ಗೊತ್ತು. ಗುಡ್ಡದ ಹುಲ್ಲುಗಾವಲುಗಳು ಮನೆ ಕಟ್ಟಿ ಮಾರುವವರ ಪಾಲಾಗದ ಹಾಗೆ ಊರೇ ಕಾಯ್ದುಕೊಳ್ಳಬೇಕು, ಗ್ರಂಥಾಲಯದಿಂದ ಹೊಳೆಗುಂಟ ಹಳೇ ಗಿರಣಿಯವರೆಗೆ ಎಲ್ಲರೂ ನಡೆಯುವಂಥ ಕಾಲುದಾರಿ ಆಗಬೇಕು ಎಂಬುದು ಯೋಜನೆ. ದಾರಿಗೆ ಜಮೀನಿನ ಅಂಚು ಬಿಟ್ಟುಕೊಡಬೇಕಾದವರು ಹದಿಮೂರು ಮಂದಿ. ಒಬ್ಬೊಬ್ಬರ ಅಡುಗೆಮನೆಯಲ್ಲೂ ಕೂತು, ಕಾಫಿ ಕುಡಿದು, ಬೈಸಿಕೊಂಡು, ಹದಿಮೂರೂ ರುಜು ತಂದಿದ್ದಳು.

ಫೆಬ್ರವರಿಯಲ್ಲಿ ಊರಿನ ಸಭಾಭವನದಲ್ಲಿ ಅಹವಾಲು ಕೇಳುವ ದಿನ ಗೋಡೆಗೆ ನಕ್ಷೆ ತೂಗುಹಾಕಿದ್ದರು. ಅವಳ ಪಕ್ಕದ ಜಮೀನಿನ ಆರಿನ್ ಹ್ಯಾಸ್ಕೆಲ್ ಬೂಟಿಗೆ ಮೆತ್ತಿದ ಸಗಣಿಯ ಸಮೇತ ಎದ್ದು ನಿಂತ. ಎಪ್ಪತ್ತನಾಲ್ಕಾದರೂ ದಿನಕ್ಕೆ ಎರಡು ಹೊತ್ತು ಮೂವತ್ತು ಹಸುಗಳ ಹಾಲು ಕರೆಯುವವನು.

"ಲೋರ್ನಾ, ನಂದೊಂದು ದಡ್ಡ ಪ್ರಶ್ನೆ."

"ನಿನ್ನ ದಡ್ಡತನ ಊರಿಗೇ ಗೊತ್ತು, ಕೇಳು."

ಜನ ನಕ್ಕರು. ಅವನು ನಗಲಿಲ್ಲ.

"ಈ ಗೆರೆ ಹೊಳೆ ಪಕ್ಕ ನೆಟ್ಟಗೆ ಬರ್ತಾ ಇದೆ. ನಿನ್ನ ಕಾಡು ಸಿಗ್ತಿದ್ದ ಹಾಗೆ ಬಂಡೆ ಹತ್ತಿ, ಸುತ್ತುಹಾಕಿ, ಆ ಕಡೆ ಇಳಿಯುತ್ತೆ. ಯಾಕೆ? ಗಾಲಿಕುರ್ಚಿಯವರೂ ಹೋಗಬಹುದು ಅಂತ ಬರ್ದಿದೀಯ. ಆ ಬಂಡೇನ ನನ್ನ ಮೇಕೆನೂ ಹತ್ತಲ್ಲ."

"ಅಲ್ಲಿ ಜೌಗು."

"ಜೌಗು ನನ್ನ ಕಡೇನೂ ಇದೆ. ಹಲಗೆ ಹಾಸ್ತೀವಿ ಅಂದೋಳು ನೀನೇ."

ಗೆರೆ ಯಾಕೆ ಬಾಗಿದೆಯೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಅವಳ ಗಂಡ ವೆಂಡೆಲ್ ಆ ಕಾಡಿನಲ್ಲಿ ಒಬ್ಬನೇ ಸೌದೆ ಕಡಿಯುತ್ತಿದ್ದಾಗ ಮರ ಸೊಂಟದ ಮೇಲೆ ಬಿದ್ದಿತ್ತು. ಲೋರ್ನಾ ಅಂದು ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಪರವೂರಿನ ಆಟಕ್ಕೆ ಕರೆದೊಯ್ದಿದ್ದಳು. ಬಂದು ಹುಡುಕುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮರ ಬಿದ್ದ ಮೇಲೂ ಐದಾರು ಗಂಟೆ ಜೀವವಿತ್ತು ಎಂದರು ವೈದ್ಯರು. ಅಂದಿನಿಂದ ಆ ಕಾಡಿಗೆ ಅವಳೂ ಕಾಲಿಟ್ಟಿರಲಿಲ್ಲ.

"ಮುಂದಿನ ಪ್ರಶ್ನೆ," ಎಂದಳು.

ಮರುದಿನ ಬೆಳಿಗ್ಗೆ ಆರಿನ್ ಅವಳ ಹಿತ್ತಿಲ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಎಲ್ಲರೆದುರು ಮಾನ ಕಳೆದದ್ದು ಸಾಲದಾ?" ಎಂದಳು.

"ನಿನ್ನ ಮಾನ ಕಳೆಯೋಕೆ ಕೇಳಲಿಲ್ಲ. ಆ ದಾರಿ ಅಲ್ಲಿಗೇ ಬರಬೇಕು. ಯಾಕೆ ಅಂತ ಹೇಳೋ ಧೈರ್ಯ ಇಷ್ಟು ವರ್ಷ ಬರಲಿಲ್ಲ." ಟೋಪಿಯ ಅಂಚನ್ನು ತಿರುವುತ್ತಲೇ ಇದ್ದ. "ಅವತ್ತು ವೆಂಡೆಲ್‌ನ ಮೋಟಾರು ಗರಗಸದ ಸದ್ದು ನನಗೆ ಕೇಳ್ತಿತ್ತು. ಮರ ಬಿತ್ತು. ಆಮೇಲೆ ಸದ್ದು ಶುರುವಾಗಲೇ ಇಲ್ಲ. ಏನೋ ಸರಿಯಿಲ್ಲ ಅನ್ನಿಸ್ತು. ಬೇಲಿ ತನಕ ಬಂದೆ."

"ಬೇಲಿ ತನಕ."

"ನನಗೂ ಅವನಿಗೂ ಗಡಿ ಜಗಳ ಆದ ವರ್ಷ ಅದು. ಒಳಗೆ ಕಾಲಿಡಬೇಡಿ ಅಂತ ಅವನು ಹಲಗೆ ಹೊಡೆದಿದ್ದ. ನನಗ್ಯಾಕೆ ಅವನ ಉಸಾಬರಿ ಅಂದ್ಕೊಂಡು ವಾಪಸ್ ಹೋದೆ. ಹೋಗಿ ಹಾಲು ಕರೆದೆ, ಲೋರ್ನಾ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹೋಗು," ಎಂದಳು. ಅವನು ಹೋದ.

ಮೂರು ವಾರ ಅವನ ಟ್ರಾಕ್ಟರ್ ಕಂಡರೆ ಕಾರು ತಿರುಗಿಸಿಕೊಂಡು ಹೋದಳು. ಇಷ್ಟು ವರ್ಷ ಆ ಮರವನ್ನು, ಆ ದಿನದ ಆಟವನ್ನು ಶಪಿಸಿದ್ದವಳಿಗೆ ಈಗ ದ್ವೇಷಿಸಲು ಮನುಷ್ಯನೊಬ್ಬ ಸಿಕ್ಕಿದ್ದ. ಆದರೆ ದ್ವೇಷ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಒಳಗೆ ಕಾಲಿಡಬೇಡಿ ಎಂಬ ಆ ಹಲಗೆಯ ಮೇಲಿನ ಅಕ್ಷರ ಅವಳದೇ. ವೆಂಡೆಲ್‌ನ ಕೈಬರಹ ಕೋಳಿಕಾಲು. ಗಂಡ ಹೇಳಿದ್ದನ್ನು ಅಡುಗೆಮನೆ ಮೇಜಿನ ಮೇಲೆ ಕೆಂಪು ಬಣ್ಣದಲ್ಲಿ ದುಂಡಗೆ ಬರೆದುಕೊಟ್ಟವಳು ಅವಳು. ದೂರದಿಂದಲೂ ಕಾಣಲಿ ಎಂದು ದಪ್ಪವಾಗಿ ತೀಡಿದ್ದಳು.

ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರವರೆಲ್ಲ ಕೈ ಎತ್ತಿ ಮತ ಹಾಕುವ ಮಹಾಸಭೆ. ಯೋಜನೆಯ ಸರದಿ ಬಂದಾಗ ಲೋರ್ನಾ ಎದ್ದು ಹೋಗಿ, ಪೆನ್ಸಿಲಿನಿಂದ ನಕ್ಷೆಯ ಮೇಲೆ ಹೊಳೆಗುಂಟ ನೆಟ್ಟಗೆ ಗೆರೆ ಎಳೆದಳು.

"ಇದು ತಿದ್ದುಪಡಿ. ಹದಿನಾಲ್ಕನೇ ರುಜು ನಂದು," ಎಂದಳು. "ಬಂಡೆ ಮೇಲೆ ದಾರಿ ಬರೆದದ್ದು ನನ್ನ ತಪ್ಪು. ಅಲ್ಲಿ ಜನ ಓಡಾಡಬೇಕು. ಯಾರಾದರೂ ಬಿದ್ದರೆ ಇನ್ನೊಬ್ಬರ ಕಣ್ಣಿಗೆ ಬೀಳಬೇಕು."

ನೂರ ನಲವತ್ತೆರಡು ಮತ ಪರ, ಐವತ್ತೊಂಬತ್ತು ವಿರೋಧ. ಹೊಸದು ಏನೇ ಬಂದರೂ ಬೇಡ ಎನ್ನುವ ಆರಿನ್ ಅಂದು ಕೊನೆಯವರೆಗೂ ಕೈ ಎತ್ತಿಯೇ ಹಿಡಿದಿದ್ದ.

ಮೇ ತಿಂಗಳಲ್ಲಿ ಕೆಸರು ಇಂಗಿದ ಮೇಲೆ ಅವನು ಹಲಗೆಗಳನ್ನು ಟ್ರಾಕ್ಟರಿನಲ್ಲಿ ತಂದಿಳಿಸಿದ. ಉಳಿದವರು ಇನ್ನೂ ಬಂದಿರಲಿಲ್ಲ. ವೆಂಡೆಲ್ ಬಿದ್ದ ಜಾಗದಲ್ಲಿ ಎಳೆ ಜರೀಗಿಡಗಳು ಮಂಡಿಯೆತ್ತರ ಬೆಳೆದಿದ್ದವು. ಲೋರ್ನಾ ಅವುಗಳ ನಡುವೆ ಹೋಗಿ ನಿಂತಳು.

"ಕ್ಷಮಿಸಿದೀನಿ ಅಂದ್ಕೋಬೇಡ, ಆರಿನ್."

"ಅಂದ್ಕೊಂಡಿಲ್ಲ."

"ಸರಿ, ಆ ತುದಿ ಎತ್ತು. ಸೊಂಟ ಜೋಪಾನ."

ಇಬ್ಬರೂ ಬಗ್ಗಿದರು. ಮಧ್ಯಾಹ್ನದ ಹೊತ್ತಿಗೆ ಜೌಗಿನ ಮೇಲೆ ಇಪ್ಪತ್ತು ಅಡಿ ದಾರಿಯಾಗಿತ್ತು.

ಜೂನ್‌ನಲ್ಲೊಂದು ದಿನ ಲೋರ್ನಾ ಹಿತ್ತಿಲಲ್ಲಿ ಹುರುಳಿಕಾಯಿ ಬಳ್ಳಿಗೆ ಕೋಲು ನೆಡುತ್ತಿದ್ದಾಗ ಕಾಡಿನೊಳಗಿಂದ ಹೆಂಗಸರಿಬ್ಬರ ಮಾತು ಕೇಳಿಸಿತು. ಯಾರೋ ಪರವೂರಿನವರು, ಸೊಸೆಯನ್ನು ಬೈದುಕೊಳ್ಳುತ್ತ, ನಗುತ್ತ ಹೊಳೆಯ ಕಡೆ ಹೋದರು. ಲೋರ್ನಾ ಕೋಲು ಹಿಡಿದು, ಆ ಮಾತು ಕೇಳಿಸದಾಗುವವರೆಗೂ ನಿಂತೇ ಇದ್ದಳು.