ಗುಬ್ಬಿಯ ಸರದಿ

ಅಕ್ಕನ ನೀಲಿ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದಾಗಲೇ ಗುಬ್ಬಿಯ ಫೋನು ಬಡಿದುಕೊಳ್ಳತೊಡಗಿತು. ಆಪರೇಷನ್ ಆಗಿದ್ದ ಬಲಗಡೆ ಅಂಗಿ ಕುಸಿದಿತ್ತು. ಅದನ್ನು ಒಂದು ಕೈಯಲ್ಲಿ ಸರಿಮಾಡುತ್ತಲೇ ಫೋನನ್ನು ಕಿವಿಗಿಟ್ಟಳು.

"ಸ್ಕ್ಯಾನಿಂಗ್‌ನಿಂದ ಮೇಡಂ. ಇವತ್ತು ಮಧ್ಯಾಹ್ನ ನಿಮ್ಮ ಎಂಆರ್‌ಐ ಇದೆ. ಎರಡು ಸಲ ಮುಂದಕ್ಕೆ ಹಾಕ್ಸಿದೀರ. ಈ ಸಲ ಬರ್ತೀರ ತಾನೆ?"

"ಇವತ್ತು ಆಗಲ್ಲಮ್ಮ. ನಮ್ಮನೇಲಿ..." ಗುಬ್ಬಿ ಅಕ್ಕನ ತಣ್ಣಗಾದ ಕೈಯನ್ನು ಎದೆಯ ಮೇಲೆ ಸರಿಯಾಗಿಟ್ಟಳು.

"ಬಿಟ್ರೆ ಮತ್ತೆ ತಿಂಗಳುಗಟ್ಟಲೆ ಕಾಯ್ಬೇಕಾಗತ್ತೆ. ಯೋಚ್ನೆ ಮಾಡಿ ಮೇಡಂ."

ಬಾಗಿಲಲ್ಲಿ ನಿಂತಿದ್ದ ಸೋದರತ್ತೆ ಕಿವಿ ನಿಮಿರಿಸಿದ್ದಳು. "ಯಾರೇ ಅದು?"

"ಆಸ್ಪತ್ರೆಯವರು."

"ಒಬ್ಬಳನ್ನ ಕಳಿಸಿದ್ದು ಸಾಲ್ಲಿಲ್ವಂತಾ ಅವರಿಗೆ?"

ಹೊರಗಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಶಾಲಾ ವ್ಯಾನು ಓಡಿಸುತ್ತಿದ್ದವಳು, ಬೀದಿಗೆಲ್ಲ ವ್ಯಾನಕ್ಕ. ಅವಳ ವ್ಯಾನಿನಲ್ಲಿ ಹೋಗಿ ಬೆಳೆದ ಮಕ್ಕಳು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು.

"ನನ್ನ ಮಗ ನನಗೆ ಹೆದರ್ತಿರ್ಲಿಲ್ಲ" ಎಂದಳು ಒಬ್ಬ ತಾಯಿ. "ವ್ಯಾನಕ್ಕ ಕನ್ನಡೀಲಿ ಹುಬ್ಬು ಏರ್ಸಿದ್ರೆ ಸಾಕು, ಬಾಯಿಗೆ ಬೀಗ."

"ನನ್ನನ್ನೂ ಹಂಗೇ ನೋಡೋಳು, ಬ್ರೇಕು ಸರಿ ಮಾಡ್ದೆ ಇದ್ರೆ" ಎಂದ ಗ್ಯಾರೇಜಿನ ಮೇಸ್ತ್ರಿ. ನಗಲು ಹೋಗಿ, ಮುಖ ಆ ಕಡೆ ತಿರುಗಿಸಿಕೊಂಡ.

*

ಅಮ್ಮ ಹೋದದ್ದೂ ಎದೆಯ ಗಂಟಿನಿಂದಲೇ. ಅಮ್ಮನ ತಂಗಿಯದೂ ಅದೇ ಕತೆ. ಹಾಗಾಗಿ ಅಕ್ಕ ವರ್ಷ ತಪ್ಪಿಸದೆ ಮ್ಯಾಮೊಗ್ರಾಂ ಮಾಡಿಸುತ್ತಿದ್ದಳು. ಕೊನೆಯ ಸಲವೂ ಏನೂ ಇಲ್ಲ ಎಂದಿದ್ದರು. ಕೆಲವೇ ತಿಂಗಳಲ್ಲಿ, ಸೀಟ್ ಬೆಲ್ಟ್ ಎಳೆದುಕೊಳ್ಳುವಾಗ ಕೈಗೆ ಕಡಲೆಕಾಳಿನಂಥದ್ದು ತಾಕಿತು.

"ನಿಮ್ಮ ಎದೆಯೊಳಗಿನ ಅಂಗಾಂಶ ತುಂಬಾ ದಟ್ಟ" ಎಂದರು ಡಾಕ್ಟರಮ್ಮ. "ಮ್ಯಾಮೊಗ್ರಾಮಲ್ಲಿ ಅದೂ ಬೆಳ್ಳಗೆ, ಗಂಟೂ ಬೆಳ್ಳಗೆ. ಅದರ ಮರೇಲಿ ಇದು ಕೂತಿತ್ತು. ಮನೇಲಿ ಇಷ್ಟು ಜನಕ್ಕೆ ಬಂದಿರೋವಾಗ ವರ್ಷಕ್ಕೊಂದು ಎಂಆರ್‌ಐ ಕೂಡ ಆಗ್ಬೇಕಿತ್ತು. ಯಾರೂ ಹೇಳ್ಲಿಲ್ವಾ?"

"ಇಲ್ಲ" ಎಂದಳು ಅಕ್ಕ. ತನ್ನ ಬಗ್ಗೆ ಇನ್ನೇನೂ ಕೇಳಲಿಲ್ಲ. ಮೂಲೆಯ ಕುರ್ಚಿಯಲ್ಲಿ ಮುದುಡಿ ಕೂತಿದ್ದ ತಂಗಿಯ ಕಡೆ ಕೈ ತೋರಿಸಿದಳು. "ಇವಳಿಗೆ ಹೇಳಿ. ಈಗ್ಲೇ ಹೇಳಿ."

ಗುಬ್ಬಿ ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವವಳು, ಕೈ ಎಂದೂ ಅಲುಗದವಳು. ಆ ದಿನ ಸಂಜೆ ಯಾರದೋ ಹುಟ್ಟುಹಬ್ಬದ ಕೇಕಿನ ಮೇಲೆ ಅಕ್ಷರಗಳೆಲ್ಲ ಸೊಟ್ಟಗಾದವು.

ಎಂಆರ್‌ಐಗೆ ಕರೆದಾಗ ಮೊದಲ ಸಲ ನೆಗಡಿ ಎಂದಳು. ಎರಡನೇ ಸಲ ಬೇಕರಿಯಲ್ಲಿ ಕೆಲಸ ಜಾಸ್ತಿ ಎಂದಳು.

*

"ಆ ಕೊಳವೆಯೊಳಗೆ ನನಗೆ ಉಸಿರು ಕಟ್ಟತ್ತೆ ಅಕ್ಕ" ಎಂದು ಗುಬ್ಬಿ ಅತ್ತ ದಿನ, ಕೂದಲೆಲ್ಲ ಉದುರಿದ ತಲೆಗೆ ಬಟ್ಟೆ ಸುತ್ತಿಕೊಂಡು ಅಕ್ಕ ಅವಳನ್ನು ವ್ಯಾನಿಗೆ ಎಳೆದೊಯ್ದಳು. ಹಿಂದಿನ ಸೀಟಿನ ಮೇಲೆ ಬೋರಲು ಮಲಗಿಸಿ, ಕೈ ಮುಂದೆ ಚಾಚಿಸಿ, ಸ್ಪ್ಯಾನರ್‌ನಿಂದ ವ್ಯಾನಿನ ಮೈಯನ್ನು ಡಣಡಣ ಬಾರಿಸತೊಡಗಿದಳು.

"ಒಳಗೆ ಇದಕ್ಕಿಂತ ಜೋರು. ಅಲ್ಲಾಡ್ಬೇಡ! ಅಲ್ಲಾಡಿದ್ರೆ ಚಿತ್ರ ಕೆಡತ್ತೆ!"

ಎಂಜಿನ್ನೇ ಕಳಚಿಬಿತ್ತೆಂದು ಮೇಸ್ತ್ರಿ ಎದ್ದೂಬಿದ್ದೂ ಓಡಿಬಂದ. ಅಕ್ಕತಂಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಏದುಸಿರು ಬಂದು ಅಕ್ಕ ವ್ಯಾನಿನ ಮೆಟ್ಟಿಲ ಮೇಲೆ ಕುಸಿದಳು.

"ಹೋಗ್ತೀಯಾ?"

"ಹೂಂ."

"ಹೂಂಗುಟ್ಟಬೇಡ. ಹೋಗ್ತೀನಿ ಅನ್ನು."

"ಏನಾದ್ರೂ ಕಂಡ್ರೆ ಅಕ್ಕ?"

"ಕಾಣ್ಲಿ ಅಂತಾನೇ ಹೋಗೋದು ಕಣೆ."

*

"ಹೆಣ ಮನೇಲಿಟ್ಕೊಂಡು ಯಾರಾದ್ರೂ ಫೋಟೋ ತೆಗೆಸ್ಕೊಳಕ್ಕೆ ಹೋಗ್ತಾರಾ?" ಸೋದರತ್ತೆಯ ದನಿ ಏರಿತು. "ಕೇಳಿದೋರು ಏನಂದಾರು?"

"ನಾನೆಲ್ಲಿ ಹೋಗ್ತೀನಿ ಅಂದೆ?" ಎಂದಳು ಗುಬ್ಬಿ. ಹೋಗದಿರಲು ಇದಕ್ಕಿಂತ ಗಟ್ಟಿ ನೆಪ ಸಿಗದು. ಅದು ಹೊಳೆದಾಗ ಒಳಗೊಳಗೇ ಹಗುರವೆನಿಸಿತು. ಆ ಹಗುರಕ್ಕೇ ನಾಚಿಕೆಯಾಗಿ ತಲೆ ತಗ್ಗಿಸಿದಳು.

ಬಾಗಿಲಾಚೆ ನೆಲದ ಮೇಲೆ ಕೂತಿದ್ದ ಭಾವ ಗೋಡೆ ಹಿಡಿದು ಎದ್ದರು.

"ಗುಬ್ಬಿ, ಹೊರಡು. ನೀನು ಬರೋವರೆಗೂ ಮಣ್ಣು ಮಾಡಲ್ಲ."

"ಅಷ್ಟು ಹೊತ್ತು ಕಾಯೋದಾ?" ಎಂದಳು ಸೋದರತ್ತೆ.

"ದಿನಾ ಬೇರೆಯವರ ಮನೆ ಮುಂದೆ ನಿಂತು ಕಾದವಳು ಅತ್ತೆ ಅವಳು. ಇವತ್ತು ತಂಗಿಗೋಸ್ಕರ ಇನ್ನೊಂಚೂರು ಕಾಯ್ತಾಳೆ."

ಮೇಸ್ತ್ರಿ ಗೂಟದಿಂದ ವ್ಯಾನಿನ ಕೀ ತೆಗೆದುಕೊಂಡ.

ಆಸ್ಪತ್ರೆಯಲ್ಲಿ ಗುಬ್ಬಿ ಬೋರಲು ಮಲಗಿದಳು. ಹಲಗೆ ಅವಳನ್ನು ಒಳಕ್ಕೆ ಒಯ್ದಿತು. ಸದ್ದು ತಲೆಬುರುಡೆಯನ್ನೇ ಕೊರೆಯಿತು. ನಡುವೆ ತೋಳಿಗೆ ಚುಚ್ಚಿದ್ದ ಸೂಜಿಯಿಂದ ನರದೊಳಗೆ ತಣ್ಣನೆಯ ಔಷಧಿ ಹರಿಯಿತು. ಕಣ್ಣೀರು ಮೂಗಿನ ತುದಿಗಿಳಿದು ತುರಿಸುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.

ಮುಗಿದ ಮೇಲೆ ಅವಳನ್ನು ಹೊರಗೆ ಕಾಯಿಸಿದರು. ಕಾಯಿಸುತ್ತಲೇ ಇದ್ದರು. ಕೊನೆಗೆ ಡಾಕ್ಟರಮ್ಮ ತಾವೇ ಬಂದು ಪಕ್ಕದ ಕುರ್ಚಿ ಎಳೆದುಕೊಂಡರು.

"ಎಡಗಡೆ ಒಂದು ಸಣ್ಣ ಚುಕ್ಕೆ ಕಾಣ್ತಿದೆ. ಅದೇ ಅಂತ ಈಗ್ಲೇ ಹೇಳಕ್ಕಾಗಲ್ಲ. ಎಷ್ಟೋ ಸಲ ಏನೂ ಇರಲ್ಲ. ಸೂಜಿ ಹಾಕಿ ಒಂಚೂರು ತೆಗೆದು ನೋಡ್ಬೇಕು. ಅದೇ ಆಗಿದ್ರೂ, ತುಂಬಾ ಮುಂಚೇನೇ ಸಿಕ್ಕಿದೆ."

*

ಸ್ಮಶಾನಕ್ಕೆ ಬಂದಾಗ ಹೊತ್ತು ಇಳಿದಿತ್ತು. ಅರ್ಧಕ್ಕರ್ಧ ಜನ ಮನೆಗೆ ಹೋಗಿದ್ದರು. ಪೆಟ್ಟಿಗೆಯನ್ನು ಇಳಿಸಿಯಾಗಿತ್ತು, ಆದರೆ ಗುಂಡಿ ಮುಚ್ಚಿರಲಿಲ್ಲ. ಅಗೆಯುವವರು ಗುದ್ದಲಿಗೆ ಆತು ನಿಂತಿದ್ದರು. ಸೋದರತ್ತೆಯೂ ಹೋಗಿರಲಿಲ್ಲ.

"ಏನಂದ್ರು?" ಎಂದರು ಭಾವ.

"ಚುಕ್ಕೆ ಕಾಣ್ತಿದೆಯಂತೆ ಭಾವ. ಎಡಗಡೆ. ಸೂಜಿ ಹಾಕಿ ನೋಡ್ತಾರಂತೆ."

ಸೋದರತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕನ ಮಗಳು ಗುಂಡಿಯ ಆಚೆ ಬದಿಯಿಂದ ಸುತ್ತಿಬಂದು ಗುಬ್ಬಿಯ ಪಕ್ಕ ನಿಂತಳು. ಅಮ್ಮನದೇ ಹುಬ್ಬು ಅವಳಿಗೆ.

"ಚಿಕ್ಕಮ್ಮ, ನಾನೂ ತೋರಿಸ್ಕೋಬೇಕಲ್ವಾ?"

"ಹೂಂ ಕಣೆ. ನಾನೇ ಕರ್ಕೊಂಡು ಹೋಗ್ತೀನಿ."

ಗುಬ್ಬಿ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡಳು. ಮೊಣಕೈ ಮಡಚಿದಾಗ, ಆಸ್ಪತ್ರೆಯವರು ಅಂಟಿಸಿದ್ದ ಹತ್ತಿ ಸಡಿಲಗೊಂಡು ಅದರಲ್ಲಿ ರಕ್ತ ಒಸರಿತು. ಹುಡುಗಿ ಆ ತೋಳನ್ನು ಹಿಡಿದುಕೊಂಡಳು. ಮಣ್ಣು ಬೆರಳ ಸಂದಿಯಿಂದ ಪೆಟ್ಟಿಗೆಯ ಮೇಲೆ ಸುರಿದು ಮುಗಿಯುವವರೆಗೂ ಹತ್ತಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿಯೇ ಇದ್ದಳು.