ಎಡದಿಂದ ಮೂರನೆಯದು

ಅಕ್ಕ ಟರ್ಪೆಂಟೈನಿನಲ್ಲಿ ಹತ್ತಿ ಅದ್ದಿ ತಮ್ಮನ ಉಗುರು ತಿಕ್ಕುತ್ತಿದ್ದಳು. ಸಂದಿಯಲ್ಲಿ ಕೂತ ನೀಲಿ ಬಿಡುತ್ತಿರಲಿಲ್ಲ.

“ಜೀವಮಾನವಿಡೀ ಬಣ್ಣ ಬಳಿದ ಮಹರಾಯ. ಮನೆ ಗೋಡೆಗೆ ಮಾತ್ರ ಒಂದು ಸಲ ಸುಣ್ಣ ಹೊಡೀಲಿಲ್ಲ.” ಅಳುವಿನ ನಡುವೆಯೇ ಅವಳಿಗೆ ನಗು ಬಂತು.

“ಸಾಕು ಬಿಡಿ ಅತ್ತಿಗೆ. ಅದು ಇರ್ಲಿ,” ಎಂದಳು ಚಿತ್ರಕಾರನ ಹೆಂಡತಿ.

ಅವನು ಕೆಲಸ ಮಾಡುತ್ತಿದ್ದ ಕೋಣೆಯಲ್ಲೇ ಅವನ ದೇಹವನ್ನು ಮಲಗಿಸಿದ್ದರು. ಚಿತ್ರಗಳಿಗೆ ಕಟ್ಟು ಹಾಕಿಕೊಡುತ್ತಿದ್ದ ಗೆಳೆಯ ಬಾಗಿಲ ಬಳಿ ಯಾರಿಗೋ ಹೇಳುತ್ತಿದ್ದ: “ಕೊನೇ ಆರು ವರ್ಷದ ಆ ನೀಲಿ ಇದೆಯಲ್ಲ, ಅದು ಇನ್ಯಾರ ಕಣ್ಣಿಗೂ ಕಾಣೋದಲ್ಲ ಬಿಡಿ.”

ಹೆಂಡತಿ ತಲೆ ತಗ್ಗಿಸಿದಳು.

ಅವನ ಮೇಲೆ ಕಿರುಚಿತ್ರ ಮಾಡಿದ್ದ ಹುಡುಗಿ ಲ್ಯಾಪ್‌ಟಾಪ್ ಅವಚಿಕೊಂಡು ಒಳಗೆ ಬಂದಳು. “ಮೊನ್ನೆಯಷ್ಟೇ ಮುಗೀತು ಆಂಟಿ. ಇವತ್ತು ಅವರಿಗೆ ತೋರಿಸೋಣ ಅಂತಿದ್ದೆ...”

“ನನಗೆ ತೋರ್ಸು. ಎತ್ತೋಕೆ ಮುಂಚೆ ಅವರ ದನಿ ಒಂದ್ಸಲ ಕೇಳ್ಬೇಕು.”

*

ಆರು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಅವನು ಬಣ್ಣದ ಎರಡು ಟ್ಯೂಬು ಹಿಡಿದು ಅಡುಗೆಮನೆಗೆ ಬಂದಿದ್ದ.

“ಇದ್ರಲ್ಲಿ ನೀಲಿ ಯಾವ್ದು, ಹೇಳೇ?”

ತಮಾಷೆಯೆಂದು ಅವಳು ನಕ್ಕಳು. ಅವನು ನಗಲಿಲ್ಲ.

ಮರುದಿನದಿಂದ ಅವಳು ಟ್ಯೂಬುಗಳನ್ನು ಸಾಲಾಗಿ ಜೋಡಿಸಿಟ್ಟು, ಅವನ ಬೆನ್ನ ಹಿಂದೆ ಹೊಲಿಗೆ ಹಿಡಿದು ಕೂತಳು. “ಬಣ್ಣದ ಹೆಸರು ಬಾಯಿಬಿಡಬೇಡ. ಗೋಡೆಗೂ ಕಿವಿ ಇರುತ್ತೆ,” ಎಂದಿದ್ದ. ಹಾಗಾಗಿ ಅವನು “ಈಗ?” ಎನ್ನುತ್ತಿದ್ದ, ಅವಳು ಎಷ್ಟನೆಯದು ಎಂದಷ್ಟೇ ಹೇಳುತ್ತಿದ್ದಳು. ಕೆಲವು ದಿನ ಅದನ್ನು ಬಿಟ್ಟರೆ ಇಬ್ಬರ ನಡುವೆ ಬೇರೆ ಮಾತೇ ಇರುತ್ತಿರಲಿಲ್ಲ.

*

ಹುಡುಗಿ ಲ್ಯಾಪ್‌ಟಾಪನ್ನು ಅವನ ಸ್ಟೂಲಿನ ಮೇಲಿಟ್ಟಳು. ಪರದೆಯಲ್ಲಿ ಅವನ ಬೆನ್ನು ಕಾಣಿಸಿತು.

“ಹಿಂದಿನಿಂದ ನಿಮ್ಮ ದನಿ ಬರ್ತಿತ್ತು ಆಂಟಿ. ಎಲ್ಲಾ ತೆಗೆದುಬಿಟ್ಟೆ. ಅವರು ಒಬ್ಬರೇ, ತಮ್ಮಷ್ಟಕ್ಕೆ ಇರೋ ಹಾಗೆ ಕಾಣ್ಲಿ ಅಂತ.”

ಹೆಂಡತಿ ಪರದೆಗೆ ಇನ್ನಷ್ಟು ಹತ್ತಿರ ಸರಿದು ಕೂತಳು.

ಅವನು ಕುಂಚ ಒರೆಸಿದ. ಟ್ಯೂಬುಗಳ ಸಾಲಿನತ್ತ ಕೈ ಚಾಚಿದ.

“ಈಗ?”

ಉತ್ತರವಿಲ್ಲ. ಕೈ ಗಾಳಿಯಲ್ಲೇ ನಿಂತಿತ್ತು. ಹೊರಗಿನಿಂದ ಯಾರೋ “ಹೊತ್ತಾಯ್ತು” ಎಂದರು.

“ಎಡದಿಂದ ಮೂರನೇದು,” ಎಂದಳು ಹೆಂಡತಿ.

ಬಾಗಿಲ ಬಳಿಯ ಮಾತು ನಿಂತಿತು. ಪರದೆಯ ಮೇಲೆ ಕೈ ಕೆಳಗಿಳಿಯಿತು. ಬೆರಳು ಮೊದಲನೆಯದನ್ನು ಮುಟ್ಟಿತು, ಎರಡನೆಯದನ್ನು ಮುಟ್ಟಿತು, ನೀಲಿಯ ಮೇಲೆ ಬಂದು ನಿಂತಿತು.