ಅಂಗೈಗೆ ಬಿದ್ದ ಕಣಗಿಲೆ ಹೂ

ನಾನು ಒಂದು ಕೆಂಪು ಕಣಗಿಲೆ ಗಿಡ. ಬೀಜದಿಂದ ಹುಟ್ಟಿದವಳಲ್ಲ. ಚಳ್ಳಕೆರೆಯ ಡ್ರಾಯಿಂಗ್ ಮೇಷ್ಟ್ರು ಓಬಳೇಶಪ್ಪನವರು ಅಕ್ಕನ ಮನೆಯಿಂದ ಗೇಣುದ್ದದ ಕಡ್ಡಿ ತಂದು ಗಾಜಿನ ಸೀಸೆಯ ನೀರಿನಲ್ಲಿಟ್ಟರು. ಕೆಲವು ವಾರಗಳಲ್ಲಿ ಬಿಳಿಯ ಬೇರು ಬಿಟ್ಟೆ. ಆಮೇಲೆ ಬಾಡಿಗೆ ಮನೆಯ ಅಂಗಳದಲ್ಲಿ, ದಿನವಿಡೀ ಬಿಸಿಲು ಬೀಳುವ ಕಡೆ, ಮರಳು ಗೊಬ್ಬರ ಬೆರೆಸಿದ ಗುಣಿಗೆ ಇಳಿಸಿದರು.

ಮೇಷ್ಟ್ರು ಮಾತು ಕಡಿಮೆಯವರು. ವಾರಕ್ಕೊಮ್ಮೆ ಬುಡ ನೆನೆಯುವಷ್ಟು ನೀರು, ಹೂವಿನ ಕಾಲ ಮುಗಿದ ಮೇಲೆ ಕತ್ತರಿ. ಚಿಗುರಿಗೆ ಹಳದಿ ಹೇನು ಮುತ್ತಿದಾಗ ಸೋಪಿನ ನೀರು ಚಿಮುಕಿಸಿದರು. ನನ್ನನ್ನು ಮುಟ್ಟಿದಾಗಲೆಲ್ಲ ಮೊಣಕೈವರೆಗೆ ಕೈ ತೊಳೆಯುತ್ತಿದ್ದರು. ಮಡಿಯ ಮನುಷ್ಯ ಎಂದುಕೊಂಡೆ. ಮನೆ ಖಾಲಿ ಮಾಡಿ ಹೋಗುವಾಗಲೂ ಅವರು ಹಾಗೆ ಕೈ ತೊಳೆಯುವ ಕಾರಣ ಯಾರಿಗೂ ಹೇಳಲಿಲ್ಲ.

ಅವರ ಬದಲಿಗೆ ತಿಪ್ಪೇಶನ ಸಂಸಾರ ಬಂತು. ತಾಯಿ ಬೋರಮ್ಮಜ್ಜಿ, ಹೆಂಡತಿ ವನಜಾಕ್ಷಿ, ನಾಲ್ಕು ವರ್ಷದ ಮಗಳು ಇಂಚರ. ಅಜ್ಜಿ ನನ್ನನ್ನು ನೋಡಿದ್ದೇ, "ಅಯ್ಯೋ, ಈಶ್ವರನ ಹೂವು! ಪುಣ್ಯ ಮಾಡಿದ್ವಿ ಕಣೆ ವನಜಾ," ಎಂದರು. ಅಂದಿನಿಂದ ನನ್ನ ಹೂಗಳೆಲ್ಲ ದೇವರ ತಲೆಗೆ. ಪೂಜೆಯಾದ ಮೇಲೆ ಅಜ್ಜಿ ಮೊಮ್ಮಗಳ ಅಂಗೈಗೆ ಸಕ್ಕರೆ ಕೊಟ್ಟು, ಒಂದು ಹೂವನ್ನು ಅವಳ ಮುಡಿಗೆ ಸಿಕ್ಕಿಸುವರು. "ಸ್ವಾಮಿ ಪ್ರಸಾದ ಪುಟ್ಟಿ. ಒಂದು ಕಾಳೂ ಕೆಳಗೆ ಬೀಳಬಾರ್ದು."

ಆ ಸೋಮವಾರ ಇಂಚರಳ ತಲೆಯಲ್ಲಿ ಕೂದಲಿರಲಿಲ್ಲ. ಹಿಂದಿನ ವಾರವಷ್ಟೇ ಹರಕೆಗೆ ಮುಡಿ ಕೊಟ್ಟಿದ್ದರು. ಸಿಕ್ಕಿಸಲು ಜಾಗವಿಲ್ಲದೆ ಅಜ್ಜಿ ಸಕ್ಕರೆಯ ಜೊತೆ ಹೂವನ್ನೂ ಅವಳ ಅಂಗೈಗೇ ಹಾಕಿದರು.

ಮಗು ಹೊರಗೆ ಬಂದು ನನ್ನ ನೆರಳಿನಲ್ಲಿ ಕೂತಿತು. ಮೊದಲು ಸಕ್ಕರೆ ನೆಕ್ಕಿತು. ಆಮೇಲೆ ಹೂವನ್ನು ಬಾಯಿಗಿಟ್ಟು, ಮುಖ ಕಿವುಚಿಕೊಂಡು, ಉಗುಳದೆ ನುಂಗಿತು. ನನಗಂತೂ ಹೆಮ್ಮೆ! ದೇವರ ಮುಡಿಯಿಂದ ಇಳಿದು ಮಗುವಿನ ಬಾಯಿಗೆ ಹೋದೆನಲ್ಲ ಎಂದು.

ಸ್ವಲ್ಪ ಹೊತ್ತಿಗೆ ಅದು ವಾಂತಿ ಮಾಡಿತು. ಮತ್ತೆ ಮಾಡಿತು. ನನ್ನ ಬುಡಕ್ಕೆ ಒರಗಿ ತೂಕಡಿಸತೊಡಗಿತು. ಬಟ್ಟೆ ಹಿಂಡುತ್ತಿದ್ದ ವನಜಾಕ್ಷಿ ಓಡಿ ಬಂದಳು.

"ಏನ್ ತಿಂದೆ ಕಂದಾ?"

"ಪ್ರಸಾದ."

"ಸಕ್ರೆ ಅಲ್ವೇನೆ ನಾನು ಕೊಟ್ಟಿದ್ದು!" ಎಂದು ಬಾಗಿಲಲ್ಲಿ ನಿಂತ ಅಜ್ಜಿಗೆ ಮಗುವಿನ ತುಟಿಗಂಟಿದ ಕೆಂಪು ಎಸಳು ಕಂಡಿತು. "ಉಪ್ಪುನೀರು ತತ್ತೀನಿ, ತಡಿ..."

"ಏನೂ ಕುಡಿಸ್ಬ್ಯಾಡ್ರಿ ಅಜ್ಜಿ!" ಪಕ್ಕದ ಮನೆಯ ನರ್ಸ್ ಶಮೀಮ್ ಕಾಂಪೌಂಡ್ ಆಚೆಯಿಂದ ಕೂಗಿದಳು. "ಕಣಗಿಲೆ ಅಂದ್ರೆ ವಿಷ. ಎಲೆ, ಹೂವು, ಕಡ್ಡಿ, ಎಲ್ಲಾ ವಿಷ. ಎದೆ ಬಡಿತ ತಪ್ಪಿಸ್ತೈತೆ. ಆಟೋ ಕರೀರಿ ಮೊದ್ಲು!"

ವಿಷ. ನಾನೇ?

ಕಡಿದಲ್ಲಿ ಒಸರುವ ಅಂಟುರಸವನ್ನು ನಾನು ತಾಯಿಹಾಲೆಂದೇ ತಿಳಿದಿದ್ದೆ. ಮೇಷ್ಟ್ರು ತೊಳೆದುಕೊಳ್ಳುತ್ತಿದ್ದುದು ನನ್ನನ್ನೇ. ಅಂಗಳಕ್ಕೆ ನುಗ್ಗಿದ ಬೀದಿ ಹಸು ನನ್ನನ್ನು ಮೂಸಿ, ಬಾಯಿ ಹಾಕದೆ ಮುಂದೆ ಹೋಗುತ್ತಿದ್ದುದು ಭಕ್ತಿಯಿಂದಲ್ಲ. ಇಷ್ಟು ವರ್ಷ ಮೈತುಂಬ ಹೂ ಬಿಟ್ಟು ನಕ್ಕವಳಿಗೆ ತನ್ನ ಮೈಯೊಳಗಿರುವುದೇ ಗೊತ್ತಿರಲಿಲ್ಲ!

ಡಾಕ್ಟರಿಗೆ ತೋರಿಸಲು ಶಮೀಮ್ ನನ್ನದೊಂದು ಟೊಂಗೆ ಮುರಿದುಕೊಂಡಳು. ಆಟೋ ಹೋಯಿತು. ಓಡಿ ಹೋಗಿ ನೋಡಲು ನನಗೆ ಕಾಲಿಲ್ಲ. ಮಗು ಒರಗಿದ್ದ ಮಣ್ಣು ನನ್ನ ಬೇರಿನ ಮೇಲೆ ಇನ್ನೂ ಬೆಚ್ಚಗಿತ್ತು.

ಮೂರು ದಿನ ಮನೆಗೆ ಬೀಗ. ನಾಲ್ಕನೆಯ ದಿನ ಅಪ್ಪನ ಹೆಗಲ ಮೇಲೆ ಇಂಚರ ಬಂದಳು. ಬಾಡಿದ್ದಳು, ಆದರೆ ಬಿಸ್ಕತ್ತಿಗೆ ಜಗಳವಾಡುತ್ತಿದ್ದಳು. ಅಜ್ಜಿ ಒಳಗೆ ಹೋಗಲಿಲ್ಲ. ನನ್ನ ಎದುರಿನ ಕಲ್ಲಿನ ಮೇಲೆ ಕೂತು, ಹೂವು ಕೊಟ್ಟ ತಮ್ಮ ಬಲಗೈಯನ್ನೇ ನೋಡಿಕೊಂಡರು. ವನಜಾಕ್ಷಿ ಬಂದು ಆ ಕೈಯನ್ನು ಹಿಡಿದುಕೊಂಡಳು. "ನಂಗೂ ಗೊತ್ತಿರ್ಲಿಲ್ಲ ಅತ್ತೆ. ಬರ್ರಿ, ಪುಟ್ಟಿ ನಿಮ್ಮನ್ನೇ ಕೇಳ್ತೈತೆ."

ತಿಪ್ಪೇಶ ಮಚ್ಚು ತಂದ. "ಕಡಿದು ಬೆಂಕಿ ಇಡ್ತೀನಿ."

"ಇದರ ಹೊಗೆನೂ ಕೆಟ್ಟದ್ದಣ್ಣ," ಎಂದಳು ಶಮೀಮ್. "ಬೈಪಾಸಲ್ಲಿ ಗಿಡ ಹಾಕ್ತಾವ್ರೆ, ಅವ್ರಿಗೆ ಕೊಡಿ. ಅಲ್ಲಿ ಮಕ್ಳೂ ಬರಲ್ಲ, ದನಾನೂ ತಿನ್ನಲ್ಲ."

ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ನನ್ನನ್ನು ಮೊಣಕಾಲೆತ್ತರಕ್ಕೆ ಸವರಿದರು. ಬೇರಿನ ಮಣ್ಣು ಉದುರದಂತೆ ಗೋಣಿಚೀಲ ಸುತ್ತಿ ಸಾಗಿಸಿದರು. ಈಗ ನಾನು ಎರಡು ರಸ್ತೆಗಳ ನಡುವಿನ ಮುದಿ ಗಿಡ. ಲಾರಿಗಳ ಧೂಳು, ಟ್ಯಾಂಕರಿನ ನೀರು. ಚಿಗುರಿದೆ, ಹೂವೂ ಬಿಟ್ಟೆ. ಬಿಡದೆ ಇರಲು ನನಗೆ ಬರುವುದಿಲ್ಲ.

ಒಮ್ಮೆ ರಸ್ತೆಯಾಚೆ ಬಸ್ಸಿಗೆ ನಿಂತಿದ್ದ ಅಜ್ಜಿ ಮೊಮ್ಮಗಳು ಕಂಡರು. ಇಂಚರ ನನ್ನತ್ತ ಬೆರಳು ತೋರಿದಳು. ಅಜ್ಜಿ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, "ಕೈ ಮುಗಿ ಪುಟ್ಟಿ," ಎಂದರು. "ಇಲ್ಲಿಂದ್ಲೇ."

ಆಗ ಗಾಳಿ ಜೋರಾಗಿತ್ತು. ಅವರ ಬಸ್ಸು ಬಂದು ಹೋಗುವವರೆಗೆ ಒಂದು ಹೂವನ್ನೂ ಉದುರಗೊಡದೆ ಹಿಡಿದುಕೊಂಡು ನಿಂತೆ.